ಇಂಗ್ಲಿಷ್ ಕಾದಂಬರಿಯ ಕೆಲಸದ ಹುಡುಗಿ

ಎಂ.ಎ. ಓದುವಾಗ ದಿನಾ ಶಹಾಬಾದದಿಂದ ಕಲಬುರಗಿಗೆ ರೈಲಿನಲ್ಲಿ ಹೋಗಿ ಬರುತ್ತಿದ್ದೆ. ನನ್ನ ವಿಷಯ ಇಂಗ್ಲಿಷ್ ಸಾಹಿತ್ಯ. ಸಂಜೆ ಮನೆಗೆ ಬಂದರೆ ಅವ್ವ ರೊಟ್ಟಿ ಬಡಿಯುತ್ತ, "ಇವತ್ತೇನು ಓದಿದಿ, ಹೇಳು" ಎನ್ನುತ್ತಿದ್ದಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ, ಕಥೆಯ ಹುಚ್ಚು ಮಾತ್ರ ವಿಪರೀತ. ಅಂದಿನ ಕಾದಂಬರಿಯನ್ನು ನಮ್ಮ ಮಾತಿಗೆ ಇಳಿಸಿ ಹೇಳುತ್ತಿದ್ದೆ.

ಅವೆಲ್ಲ ಹಿಂದಿನ ಕಾಲದ ಉಳ್ಳವರ ಮನೆಯ ಕಥೆಗಳು. ದೊಡ್ಡ ಬಂಗಲೆ, ಮದುವೆಗೆ ಬಂದ ಹೆಣ್ಣುಮಕ್ಕಳು, ಆಸ್ತಿ ಯಾರ ಪಾಲಿಗೆ ಎಂಬ ಚಿಂತೆ. ಅವ್ವನಿಗೆ ಇವರ ಮದುವೆ ಬೇಕಾಗಿರಲಿಲ್ಲ. ಚಹಾ ತಂದಿಟ್ಟು, ಬಾಗಿಲು ಎಳೆದುಕೊಂಡು ಹೋಗುವ ಕೆಲಸದ ಹುಡುಗಿಯ ಬೆನ್ನು ಹತ್ತುತ್ತಿದ್ದಳು.

"ಆ ಹುಡುಗಿ ಎಲ್ಲಿಗಿ ಹೋದ್ಳು?"

"ಒಳಗ ಹೋದ್ಳು. ಮುಂದ ಆಕಿ ಸುದ್ದಿ ಇಲ್ಲವ್ವ."

"ಪಂಚಮಿಗಿ ಆಕಿನ ಕರಿಲಾಕ ಅಣ್ಣ ಬಂದಿದ್ನೇನು?"

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ಇಂಗ್ಲೆಂಡಿನಾಗ ಪಂಚಮಿ ಎಲ್ಲಿಂದ ಬರ್ತದವ್ವ?"

ಅವಳು ನಗಲಿಲ್ಲ. ಲಗ್ನಕ್ಕೆ ಮುಂಚೆ ಅವಳು ಶಹಾಬಾದದಲ್ಲೇ ಒಬ್ಬ ಸಾಹೇಬರ ಬಂಗಲೆಯಲ್ಲಿ ಕೆಲಸಕ್ಕಿದ್ದಳು, ಅಲ್ಲೇ ಹಿಂದಿನ ಕೋಣೆಯಲ್ಲಿ ಮಲಗುತ್ತಿದ್ದಳು. ಒಂದು ವರ್ಷ ನಾಗರಪಂಚಮಿಗೆ ಕರೆದೊಯ್ಯಲು ಚಿತ್ತಾಪುರದ ಕಡೆಯ ಹಳ್ಳಿಯಿಂದ ಅಣ್ಣ ಬಂದ. ಮನೆಗೆ ಮಂದಿ ಬಂದಿದ್ದಾರೆ, ಈಗ ಬಿಡಲಾಗದು ಎಂದರು ಯಜಮಾನತಿ. ಅಣ್ಣ ಗೇಟಿನ ಹೊರಗೇ ಹಬ್ಬದ ಉಂಡಿಯ ಗಂಟು ಕೊಟ್ಟು ತಿರುಗಿ ಹೋದ. "ಗೆಳತ್ಯಾರೆಲ್ಲ ಜೋಕಾಲಿ ಆಡಿದ್ರು, ನಾ ಬಾಂಡಿ ತಿಕ್ಕಿದೆ" ಎಂದು ಅವ್ವ ಅಂದೇ ನನಗೆ ಮೊದಲ ಸಲ ಹೇಳಿದಳು.

ಆಮೇಲೆ ಯಾವ ಕಾದಂಬರಿ ಹೇಳಿದರೂ ಅದೇ ಪ್ರಶ್ನೆ: ಆಕಿ ಊರಿಗಿ ಹೋದ್ಳೇನು? ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಎಂದು ಚುಡಾಯಿಸುತ್ತಿದ್ದೆ. ಆದರೂ ಆ ಪುಸ್ತಕಗಳಲ್ಲಿ ಹುಡುಕುತ್ತಿದ್ದೆ. ಯಜಮಾನತಿಯ ಟೋಪಿಯ ರಿಬ್ಬನ್ನಿಗೂ ಪುಟಗಟ್ಟಲೆ ಜಾಗವಿತ್ತು, ಆ ಹುಡುಗಿಗೆ ಒಂದು ಊರೂ ಇರಲಿಲ್ಲ. ಬರೆದವರು ಚಹಾ ಕುಡಿಯುವ ಕೋಣೆಯಲ್ಲಿ ಕೂತವರು, ಬಾಗಿಲಿನಾಚೆ ಕಾಲಿಟ್ಟವರಲ್ಲ. ಇದು ನನಗೆ ತಿಳಿದದ್ದು ಅವ್ವನಿಗೆ ಕೊಡಲು ಉತ್ತರ ಸಿಗದೆ ಹೋದಾಗ. ಅವರ ಮೇಲೆ ಸಿಟ್ಟೂ ಬಂತು.

ಉತ್ತರ ಸಿಗುವ ಮೊದಲೇ ಅವ್ವ ತೀರಿಹೋದಳು. ಈಗ ನಾನು ಸೇಡಂನ ಕಾಲೇಜೊಂದರಲ್ಲಿ ಅವೇ ಕಾದಂಬರಿಗಳನ್ನು ಪಾಠ ಮಾಡುತ್ತಿದ್ದೇನೆ. ಹೋದ ವರ್ಷ ಆ ಕಾಲದ ಇಂಗ್ಲೆಂಡಿನ ಕೆಲಸದವರ ಚರಿತ್ರೆ ಓದುವಾಗ ಒಂದು ಸಂಗತಿ ಸಿಕ್ಕಿತು. ಚಳಿ ಮುಗಿಯುವ ಹೊತ್ತಿಗೆ ಒಂದು ಭಾನುವಾರ, ತಾಯಿಯನ್ನು ನೋಡಿ ಬರಲೆಂದು ಕೆಲಸದ ಹುಡುಗಿಯರಿಗೆ ರಜೆ ಕೊಡುವ ರೂಢಿ ಅಲ್ಲಿತ್ತಂತೆ. ಬೇಲಿಯ ಹೂ ಕಿತ್ತುಕೊಂಡು, ಕೇಕು ಕಟ್ಟಿಕೊಂಡು, ನಡೆದು ಊರಿಗೆ ಹೋಗುತ್ತಿದ್ದರಂತೆ. ಪುಸ್ತಕ ಮುಚ್ಚಿಟ್ಟು ಅತ್ತೆ.

ಮರುದಿನ ಕ್ಲಾಸಿನಲ್ಲಿ ಅದನ್ನೇ ಹೇಳಿದೆ.

"ಇದು ಪರೀಕ್ಷಾದಾಗ ಬರ್ತದೇನ್ರಿ ಮೇಡಂ?" ಎಂದಳು ಒಬ್ಬಳು.

ಇಲ್ಲ ಎಂದೆ. ಎಲ್ಲರೂ ಪೆನ್ನು ಕೆಳಗಿಟ್ಟರು.

ಅವ್ವನಾಗಿದ್ದರೆ ಅಷ್ಟಕ್ಕೇ ಬಿಡುತ್ತಿರಲಿಲ್ಲ. ಹೊತ್ತು ಮುಳುಗೋದ್ರೊಳಗ ಮನಿ ಮುಟ್ಟಿದ್ಳೇನು, ಅವರವ್ವ ಬಾಗಿಲದಾಗ ನಿಂತಿದ್ಳೇನು ಎಂದು ಕೇಳುತ್ತಿದ್ದಳು. ನಿಂತಿದ್ಳವ್ವ ಎಂದು ಹೇಳಲು ನನಗೆ ಅವಳು ಬೇಕು.