ಹುಳುಮನೆ ಬಾಗಿಲ ಕುಕ್ಕೆ

ಸೆರಗನ್ನು ಬಲಗಿವಿಯ ಹಿಂದಕ್ಕೆ ಸಿಕ್ಕಿಸಿ, ತಲೆಯನ್ನು ತುಸು ವಾಲಿಸಿ, ದೊಡ್ಡಮ್ಮ ಹುಳುಮನೆಯ ನಡುವೆ ಅಲ್ಲಾಡದೆ ನಿಲ್ಲುತ್ತಿದ್ದಳು. ಹಿಪ್ಪುನೇರಳೆ ಸೊಪ್ಪು ಕೊಯ್ದು ಹೆಬ್ಬೆರಳಿನ ತುದಿ ಕಪ್ಪಾಗಿ ಬಿರಿದಿತ್ತು. ಕೈಯಲ್ಲಿ ಸದಾ ಸುಣ್ಣದ ವಾಸನೆ. ರೇಷ್ಮೆ ಹುಳುಗಳು ಸೊಪ್ಪು ತಿನ್ನುವಾಗ ತಗಡಿನ ಮೇಲೆ ತೆಳುವಾಗಿ ಮಳೆ ಬಿದ್ದಂಥ ಸದ್ದು ಬರುತ್ತದೆ. ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ತಿನ್ನುವುದನ್ನು ಬಿಡುತ್ತದೆ, ಸದ್ದು ಇಳಿಯುತ್ತದೆ. ಅದನ್ನು ದೊಡ್ಡಮ್ಮ ಕಣ್ಣಿಗಿಂತ ಮೊದಲು ಕಿವಿಯಲ್ಲಿ ಹಿಡಿಯುತ್ತಿದ್ದಳು.

ಅವಳು ನನ್ನ ತಾಯಿಯ ಅಕ್ಕ, ಮನೆ ಮುಳ್ಳೂರಿನಲ್ಲಿ. ನಾನು ಕೊಳ್ಳೇಗಾಲದಲ್ಲಿ ಪತ್ರಿಕೆಯೊಂದರ ವರದಿಗಾರ. ಆ ಕಡೆ ಕೆಲಸ ಬಿದ್ದಾಗಲೆಲ್ಲ ಅವಳ ಮನೆಗೆ ಹೋಗಿ ಬರುತ್ತಿದ್ದೆ. ಹುಳುಮನೆಗೆ ಹೋಗಬೇಕಾದರೆ ಯಾರಾದರೂ ಸರಿ, ಹೊಸ್ತಿಲಲ್ಲಿ ಔಷಧಿ ನೀರಿನಲ್ಲಿ ಕೈಕಾಲು ತೊಳೆಯಬೇಕು. ಸೋಂಕು ಒಳಗೆ ಹೋದರೆ ಇಡೀ ಬೆಳೆ ಹೋಯಿತು. ಹುಳುವಿಗೆ ಆಗದ ಸೆಂಟು ಹಾಕಿಕೊಂಡು ಬಂದ ಬೀಗರನ್ನೂ ಅವಳು ಬಾಗಿಲಿನಿಂದಲೇ ಮಾತನಾಡಿಸಿ ಕಳಿಸಿದ್ದುಂಟು.

ಹುಳು ಸಾಕಣೆಗೆ ಅವಳ ಜೊತೆಗಿದ್ದವನು ಅವಳ ಮಗ. ನನಗಿಂತ ಚಿಕ್ಕವನು, ಒಳ್ಳೆಯ ಕೆಲಸಗಾರ. ಆದರೆ ಎರಡು ಕಿವಿಗೂ ಇಯರ್‌ಫೋನ್. ಸೊಪ್ಪು ಹಾಕುವಾಗ ಹಾಡು, ಕಸ ತೆಗೆಯುವಾಗ ರೀಲ್ಸು. ತಾಯಿ ಗದರಿದರೆ ಅವನ ಹತ್ತಿರ ಉತ್ತರ ಸಿದ್ಧವಿತ್ತು.

"ಆಡು ಕೇಳುಸುದ್ರೆ ಗೂಡು ದಪ್ಪ ಆಯ್ತವಂತೆ ಕವ್ವ, ಯೂಟ್ಯೂಬಲ್ಲಿ ಯೋಳವ್ರೆ."

"ಆಡು ನಿನ್ ಕಿವಿಗಾಕಂಡಿದ್ದೀಯ ಕಣ್ಲಾ. ಉಳದ್ ಕಿವಿಗಲ್ಲ."

ಅಂಥ ಒಂದು ಬೆಳೆಯಲ್ಲಿ ಹುಳು ಹಣ್ಣಾದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟೆಗೆ ಬಿಡುವಷ್ಟರಲ್ಲಿ ಬಹುಪಾಲು ಹುಳು ಸೊಪ್ಪಿನ ಕಡ್ಡಿಯ ನಡುವೆಯೇ ಗೂಡು ಕಟ್ಟಿಬಿಟ್ಟಿದ್ದವು. ಗೂಡೆಲ್ಲ ಕಲೆ. ಮಾರುಕಟ್ಟೆಯಲ್ಲಿ ಕೇಳುವವರಿರಲಿಲ್ಲ. ಮಗನ ಕಿವಿಯಲ್ಲಿ ಹಾಡಿತ್ತು, ಸರಿ. ಪಕ್ಕದಲ್ಲೇ ಇದ್ದ ದೊಡ್ಡಮ್ಮ ಹೇಗೆ ತಪ್ಪಿದಳು ಎಂಬುದು ನನಗೆ ಅರ್ಥವಾಗಲಿಲ್ಲ. ಕೇಳಿದರೆ ಮಾತು ತಿರುಗಿಸಿದಳು.

ಮಗ ಬೇಸತ್ತಿದ್ದ. "ಸಾಕು ಕಣಣ್ಣ. ಸೊಪ್ಪೆಲ್ಲ ಕಿತ್ತಾಕಿ ಕಬ್ಬು ಆಕ್ತೀನಿ. ಕುಂತೂರು ಸಕ್ರೆ ಫ್ಯಾಕ್ಟ್ರಿ ಪಕ್ಕದಲ್ಲೇ ಅದೆ. ಕಬ್ಬೇನು ಕಿವಿಗೊಟ್ಟು ಕೇಳು ಅನ್ನಲ್ಲ."

ಆ ಹಿಪ್ಪುನೇರಳೆ ತೋಟ ದೊಡ್ಡಮ್ಮನೇ ಕಡ್ಡಿ ನೆಟ್ಟು ಬೆಳೆಸಿದ್ದು. ಅವಳು ಜಗಳವಾಡಲಿಲ್ಲ. "ಇನ್ನೊಂದ್ ಬೆಳೆ ನೋಡ್ಲಾ. ಬರೀ ಕಿವೀಲಿ ನೋಡು. ಆಮೇಲ್ ನಿನ್ನಿಷ್ಟ" ಎಂದಳಷ್ಟೆ. ಮಾರನೆಯ ದಿನ ಹುಳುಮನೆಯ ಬಾಗಿಲ ಪಕ್ಕ ಒಂದು ಬಿದಿರು ಕುಕ್ಕೆ ನೇತಾಡುತ್ತಿತ್ತು.

ನಾನು ಹೋದಾಗ ಮಗನ ಫೋನು ಅದರಲ್ಲಿತ್ತು. ನನಗೂ ಕೈ ಚಾಚಿದಳು. "ಕಾಲ್ ತೊಳ್ಕಂಡೆ, ಕೈ ತೊಳ್ಕಂಡೆ. ಅದ ತೊಳ್ಯಕಾದದಾ? ಆಚ್ಗೇ ಇರ್ಲಿ."

"ಸುದ್ದಿ ಬಂದ್ರೆ ದೊಡ್ಡಮ್ಮ?"

"ಬಂದ್ರೆ ಕೂಗ್ತದೆ. ಕೂಗುದ್ರೆ ಓಗಿ ಎತ್ಕ. ಸುಮ್ಕಿದ್ದಾಗ್ಲೂ ಯಾಕ್ಲಾ ಅದ ಉಜ್ತಾ ಇರ್ತೀಯ?"

ನನ್ನ ಫೋನೂ ಕುಕ್ಕೆಗೆ ಹೋಯಿತು.

ಸಂಜೆ ಜಗಲಿಯ ಮೇಲೆ ಕೂತು ಮಗನನ್ನು ಕೇಳಿದಳು, ಅದರಲ್ಲಿ ನಿನಗೆ ನಿಜವಾಗಿ ಬೇಕಾದ್ದು ಏನು ಎಂದು. ಅವನು ಯೋಚಿಸಿ ಹೇಳಿದ: ಮಾತಾಡೋದು, ಗೂಡಿನ ರೇಟು, ಮಳೆ ವಿಚಾರ. ಅವಳೆಂದಳು, "ಅಷ್ಟು ಮಡೀಕ. ಒತ್ತೊತ್ತಾಗ್ ಬಿಟ್ರೆ ಉಳಾನೇ ಬದುಕಲ್ಲ, ನಾವು ಬಿಡ್ಸಿ ತೆಳು ಮಾಡಲ್ವಾ? ಮಿಕ್ಕಿದ್ದ ತೆಗ್ದಾಕು." ತೆಗೆದುಹಾಕಲು ಅವನಿಗೆ ಮನಸ್ಸು ಬರದೆ ಫೋನನ್ನು ನನ್ನ ಕೈಗೆ ಕೊಟ್ಟು ಆ ಕಡೆ ತಿರುಗಿ ಕೂತ. ರೀಲ್ಸು, ಆಟ ಎಲ್ಲ ತೆಗೆದೆ. ಹಾಗೆಯೇ ನನ್ನದನ್ನೂ ತೆರೆದು ನೋಡಿದೆ. ಅದು ಅವನದಕ್ಕಿಂತ ಒತ್ತಾಗಿತ್ತು.

ಮೊದಮೊದಲು ಅವನ ಕೈ ತಾನಾಗಿ ಅಂಗಿ ಜೇಬು ತಡಕುತ್ತಿತ್ತು. ದೊಡ್ಡಮ್ಮ ನಗುತ್ತಿದ್ದಳು: "ಏನ್ಲಾ, ಜೇಬಲ್ ಇಲಿ ಸೇರ್ಕಂಡದಾ?"

ಆ ಬೆಳೆ ಹಣ್ಣಾಗುವ ದಿನ ನಾನು ಹನೂರಿನಿಂದ ವಾಪಸು ಬರುತ್ತ ಅಲ್ಲಿದ್ದೆ. ಮಗ ಸೊಪ್ಪಿನ ಹೊರೆ ಹಿಡಿದವನು ಥಟ್ಟನೆ ನಿಂತ.

"ಅವ್ವ, ಸದ್ದು ಇಳೀತಾ ಅದೆ."

ದೊಡ್ಡಮ್ಮ ತಿರುಗಲಿಲ್ಲ. ಅವನು ಹತ್ತಿರ ಹೋಗಿ ಭುಜ ಮುಟ್ಟಿ ಮತ್ತೆ ಹೇಳಿದ. ಅವಳು ಒಂದು ಹುಳು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಮೈ ಗಾಜಿನ ಹಾಗೆ ತಿಳಿಯಾಗಿತ್ತು. "ಊಂ, ಅಣ್ಣಾಗದೆ. ಚಂದ್ರಿಕೆ ತತ್ತಾ" ಎಂದಳು. ಮುಖದಲ್ಲಿ ನಾನು ಎಂದೂ ನೋಡದ ನೆಮ್ಮದಿ.

ಹೊರಗೆ ಕೈ ತೊಳೆಯುವಾಗ ನನ್ನೊಬ್ಬನಿಗೇ ಹೇಳಿದಳು. "ನಂಗಾ ಸದ್ದು ಕೇಳ್ದೆ ವರ್ಸಾಯ್ತು ಕಣ್ಲಾ ಮಗ."

"ಮತ್ಯಾಕೆ ಯೋಳ್ಲಿಲ್ಲ?"

"ಯೋಳುದ್ರೆ ಇವ ಅವತ್ತೇ ಸೊಪ್ಪು ಕೀಳ್ಸೋನು. ನಂಗೆ ಅವನ್ ಕಿವಿ ಬೇಕಾಗಿತ್ತು. ಅದು ಖಾಲಿನೇ ಇರ್ನಿಲ್ಲ."

ಆ ಸಲದ ಗೂಡು ಬೆಳ್ಳಗೆ, ಗಟ್ಟಿಯಾಗಿ ಬಂತು. ಕಬ್ಬಿನ ಮಾತು ಮತ್ತೆ ಬರಲಿಲ್ಲ.

ದೊಡ್ಡಮ್ಮ ಈಗಿಲ್ಲ. ಕಾಯಿಲೆ ಬಿದ್ದು ಹೆಚ್ಚು ದಿನ ಮಲಗಲಿಲ್ಲ. ನನ್ನ ಫೋನಿನಲ್ಲಿ ಈಗ ಕೆಲಸಕ್ಕೆ ಬೇಕಾದ್ದಷ್ಟೇ ಇದೆ. ತುರ್ತಿದ್ದರೆ ಕರೆ ಮಾಡಿ ಎಂದು ಕಚೇರಿಗೆ ಹೇಳಿದ್ದೇನೆ. ಮಾಡುತ್ತಾರೆ. ನಾನು ಭಯಪಟ್ಟಂತೆ ಯಾವ ಸುದ್ದಿಯೂ ತಪ್ಪಿಲ್ಲ. ಎದುರು ಕೂತವರ ಮಾತು ಪೂರ್ತಿ ಕೇಳಿ ಬರೆಯುತ್ತಿದ್ದೇನೆ.

ಮೊನ್ನೆ ಮುಳ್ಳೂರಿಗೆ ಹೋಗಿದ್ದೆ. ಕುಕ್ಕೆ ಹಳೆಯ ಜಾಗದಲ್ಲೇ ಇತ್ತು. ದೊಡ್ಡಮ್ಮನ ಮಗ ಹೊಸ ಸೊಪ್ಪು ಹರಡಿ ಬಂದು ನನ್ನ ಪಕ್ಕ ನಿಂತ. ನಾನು ಏನೋ ಹೇಳಲು ಹೊರಟೆ. ಅವನು ಸುಮ್ಮನಿರು ಎಂದು ಕೈ ತೋರಿಸಿ, ತಲೆಯನ್ನು ತುಸು ವಾಲಿಸಿದ. ಮೊದಲು ಒಂದು ಮೂಲೆಯಲ್ಲಿ, ಆಮೇಲೆ ಮನೆ ತುಂಬ, ಹುಳುಗಳು ತಿನ್ನತೊಡಗಿದವು.