ತುಟಿಯಲ್ಲೇ ಹೇಳಿದ ಮಗ್ಗಿ

ಈ ವರ್ಷ ಮೇ ತಿಂಗಳ ಎರಡನೇ ವಾರ, ಭದ್ರಾವತಿಯಲ್ಲಿ ನಾವು ಬೆಳೆದ ಕ್ವಾರ್ಟರ್ಸ್ ಸಾಲನ್ನು ಕೆಡವಲೆಂದು ಹೆಂಚು ಇಳಿಸಿದರು. ವಿಷಯ ತಿಳಿದು ಶಿವಮೊಗ್ಗದಿಂದ ಬಸ್ಸು ಹತ್ತಿ ಹೋದೆ. ನಮ್ಮ ಮನೆಯ ಒಳಕೋಣೆಯಲ್ಲಿ ಬಿಸಿಲು ಬಿದ್ದಿತ್ತು. ಆ ಕೋಣೆಯಲ್ಲಿ ಬಿಸಿಲು ಕಂಡದ್ದು ಅದೇ ಮೊದಲು. ಕಿಟಕಿಯ ಚೌಕಟ್ಟಿನಲ್ಲಿ ಅಮ್ಮ ಹೊಡೆದಿದ್ದ ಮೊಳೆಗಳು ಹಾಗೇ ಇದ್ದವು. ಅಪ್ಪ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗಿದಾಗ ಅಮ್ಮ ಆ ಮೊಳೆಗಳಿಗೆ ಕರಿ ಕಂಬಳಿ ಸಿಕ್ಕಿಸುತ್ತಿದ್ದಳು. ಹೊತ್ತು ಏರಿದ ಹಾಗೆ ಸೆಕೆಗೆ ಬೆಚ್ಚಗಾದ ಉಣ್ಣೆಯ ವಾಸನೆ, ಅಪ್ಪನ ಖಾಕಿ ಅಂಗಿಯ ಎಣ್ಣೆ, ಕಬ್ಬಿಣದ ವಾಸನೆ ಎಲ್ಲ ಸೇರಿ ಮನೆ ತುಂಬುತ್ತಿತ್ತು. ಪಾಳಿ ಕೆಲಸದವರ ಮನೆಯಲ್ಲಿ ಬೆಳೆದ ನಿಮಗೂ ಆ ವಾಸನೆ ಗೊತ್ತಿರುತ್ತದೆ. ಅದು ಮೂಗಿಗೆ ಬಡಿದರೆ ಸಾಕು, ಈಗಲೂ ದನಿ ತಾನಾಗಿ ಇಳಿಯುತ್ತದೆ.

ಅಪ್ಪ ಮಧ್ಯಾಹ್ನದ ಊಟ ಮುಗಿಸಿ ಮಲಗಿದರೆ ದೀಪ ಹಚ್ಚಿದ ಮೇಲೇ ಏಳುತ್ತಿದ್ದುದು. ಸಾಲಿನ ಬೇರೆ ಮನೆಗಳ ಮಕ್ಕಳು ಮಗ್ಗಿ ಒಪ್ಪಿಸುವುದು ಅದಕ್ಕೂ ಮುಂಚೆ, ಅಪ್ಪ ಇನ್ನೂ ಮಲಗಿರುವ ಹೊತ್ತಿಗೆ. ಎಲ್ಲ ಬಾಗಿಲುಗಳಿಂದ ಎರಡೊಂದ್ಲ ಎರಡು ಕೇಳುತ್ತಿತ್ತು, ನಮ್ಮ ಬಾಗಿಲೊಂದನ್ನು ಬಿಟ್ಟು. ನನಗಿಂತ ಐದು ವರ್ಷ ದೊಡ್ಡವಳಾದ ಗಿರಿಜಕ್ಕ ಹಿತ್ತಿಲ ಮೆಟ್ಟಿಲ ಮೇಲೆ ಕೂತು ತುಟಿ ಅಲ್ಲಾಡಿಸುತ್ತಿದ್ದಳು. "ಅಪ್ಪ ಮಲಗಿದಾರೆ ಕಣೇ, ತುಟೀಲೇ ಹೇಳು, ದೇವ್ರಿಗೆ ಕೇಳುತ್ತೆ" ಎಂದು ಅಮ್ಮ ಕಲಿಸಿದ್ದಳು. ಪಕ್ಕದ ಮನೆಯ ಸೆಲ್ವಿಯಮ್ಮ ಗೋಡೆಯಾಚೆಯಿಂದ ಇಣುಕಿ, "ಏನಮ್ಮಾ, ನಿಮ್ಮನೇಲಿರೋದು ಮಕ್ಳಾ, ಮೀನಾ? ಬರೀ ಬಾಯಿ ತೆಗ್ದು ಮುಚ್ತವೆ!" ಎಂದು ನಗುತ್ತಿದ್ದಳು. ನಾನು ಅಕ್ಷರ ಕಲಿಯುವ ಮೊದಲೇ ಅಕ್ಕನ ತುಟಿ ಓದಲು ಕಲಿತೆ. ಹದಿಮೂರೇಳ್ಲ ತೊಂಬತ್ತೊಂದು ಎನ್ನುವಾಗ ಅವಳ ತುಟಿ ಹೇಗೆ ಮುಚ್ಚಿ ತೆರೆಯುತ್ತದೆ ಎಂಬುದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಅವಳು ಭಾಗಾಕಾರವನ್ನೂ ಹಾಗೇ ಮಾಡುತ್ತಿದ್ದಳು. ಸ್ಲೇಟಿನ ಮೇಲೆ ಕೊನೆಯ ಉತ್ತರ ಮಾತ್ರ ಇರುತ್ತಿತ್ತು.

ನಮ್ಮ ಶಾಲೆಯಲ್ಲಿ ಸಂಜೆಯ ಬೆಲ್ಲಿಗೆ ಮುಂಚೆ ಎಲ್ಲ ತರಗತಿಯವರನ್ನೂ ಅಂಗಳದಲ್ಲಿ ನಿಲ್ಲಿಸಿ ಮಗ್ಗಿ ಹೇಳಿಸುವ ಪದ್ಧತಿಯಿತ್ತು. ಒಬ್ಬರು ಮುಂದೆ ಬಂದು ಗಟ್ಟಿಯಾಗಿ ಹೇಳಬೇಕು, ಉಳಿದವರು ಅದನ್ನೇ ಹೇಳಬೇಕು. ಬೇಲಿಯಾಚೆ ರಸ್ತೆಗೆ ಕೇಳಿಸಿದರೆ ಮಾತ್ರ ಮಗ್ಗಿ ಬಂದಂತೆ ಎಂಬುದು ಗಣಿತದ ಮೇಷ್ಟ್ರ ಲೆಕ್ಕ. ಅಕ್ಕನ ಸರದಿ ಬಂದಾಗ ಅವಳು ಮುಂದೆ ಹೋಗಿ ನಿಂತಳು. ತುಟಿ ಅಲ್ಲಾಡಿತು. ದನಿ ಬರಲಿಲ್ಲ. "ಏನಮ್ಮಾ, ಬಾಯಲ್ಲಿ ಕಡುಬು ಇಟ್ಕೊಂಡಿದೀಯಾ?" ಎಂದರು ಮೇಷ್ಟ್ರು. ಅಂಗಳವೆಲ್ಲ ನಕ್ಕಿತು. ಅಂದಿನಿಂದ ಲೆಕ್ಕದ ಪಿರಿಯಡ್ಡಿನಲ್ಲಿ ಅವಳನ್ನು ಹಿಂದಿನ ಬೆಂಚಿಗೆ ಕೂರಿಸಿದರು. ಸರಿಯುತ್ತರ ಬರೆದು ತೋರಿಸಿದರೆ, ಮಧ್ಯದ ಹಂತಗಳು ಎಲ್ಲಿ, ಪಕ್ಕದವಳದ್ದು ನೋಡಿದೆಯಾ ಎಂದು ಕೇಳುತ್ತಿದ್ದರು. ಅವರು ಕೆಟ್ಟವರಲ್ಲ. ಅವಳ ಮೇಲೆ ಒಮ್ಮೆಯೂ ಕೈ ಮಾಡಲಿಲ್ಲ. ಹಿಂದಿನ ಬೆಂಚಿನ ಮಕ್ಕಳಿಗೆ ಸುಲಭದ ಲೆಕ್ಕ ಕೊಡುತ್ತಿದ್ದರು, ಅಷ್ಟೇ. ಅಕ್ಕ ಅವನ್ನು ಮಾಡಿ ಮುಗಿಸಿ ಕಿಟಕಿಯಾಚೆ ನೋಡುತ್ತಾ ಕೂರುತ್ತಿದ್ದಳು.

ನಾನು ಎರಡನೇ ತರಗತಿಗೆ ಬಂದಾಗ ಅಪ್ಪನಿಗೆ ಹಗಲು ಪಾಳಿಯಾಯಿತು. ಅಮ್ಮ ಕಂಬಳಿ ಮಡಚಿ ಅಟ್ಟಕ್ಕೆ ಹಾಕಿದಳು. ಆದರೆ ಕಿಟಕಿಯ ಎದುರಿಗೆ ನೇರಳೆ ಮರವಿದ್ದುದರಿಂದ ಒಳಕೋಣೆ ಆಗಲೂ ಕತ್ತಲೆಯೇ. ಈಗ ಸಂಜೆ ಅಪ್ಪ ಜಗಲಿಯ ಮೇಲೆ ಎಚ್ಚರವಾಗಿ ಕೂತಿರುತ್ತಿದ್ದರು. "ಎಲ್ಲಿ, ಹೇಳು ನೋಡಣ" ಎನ್ನುತ್ತಿದ್ದರು. ಅಕ್ಕನ ತುಟಿಯಿಂದ ಕಲಿತದ್ದನ್ನೆಲ್ಲ ನಾನು ಗಂಟಲು ಹರಿಯುವಂತೆ ಹೇಳುತ್ತಿದ್ದೆ. ಅದೇ ಮನೆ, ಅದೇ ಶಾಲೆ, ಅದೇ ಮೇಷ್ಟ್ರು. ಅಂಗಳದಲ್ಲಿ ನನ್ನನ್ನು ಮುಂದೆ ನಿಲ್ಲಿಸಿದರು. ನನ್ನ ದನಿ ರಸ್ತೆಗೆ ಕೇಳಿತು.

ಒಂದು ಭಾನುವಾರ ಸಂತೆಯಲ್ಲಿ ಮೇಷ್ಟ್ರು ಅಪ್ಪನಿಗೆ ಸಿಕ್ಕರು. ನಾನು ಅಪ್ಪನ ಕೈ ಹಿಡಿದಿದ್ದೆ. "ಚಿಕ್ಕವಳು ಚುರುಕು ಮಾರಾಯ್ರೇ. ದೊಡ್ಡವಳಿಗೆ ಲೆಕ್ಕ ತಲೆಗೆ ಹತ್ತಲ್ಲ. ಪಾಪ, ಒತ್ತಾಯ ಮಾಡ್ಬೇಡಿ" ಎಂದರು. ಅಪ್ಪ ತಲೆಯಾಡಿಸಿದರು. ಮನೆಗೆ ಬಂದು ಚೀಲ ಇಳಿಸುತ್ತಾ ಅಕ್ಕನಿಗೆ ಹೇಳಿದ್ದು ಇಷ್ಟೇ: "ಬಾಯಿ ಬಿಟ್ಟು ಹೇಳಕ್ಕೇನೇ ನಿಂಗೆ ರೋಗ?" ಅಮ್ಮ ಒಲೆಯ ಮುಂದಿದ್ದಳು. ತಿರುಗಿ ನೋಡಲಿಲ್ಲ.

ಎಸ್ಸೆಸ್ಸೆಲ್ಸಿಯಲ್ಲಿ ಅಕ್ಕನಿಗೆ ಎಲ್ಲ ವಿಷಯಗಳಿಗಿಂತ ಗಣಿತದಲ್ಲೇ ಹೆಚ್ಚು ಅಂಕ ಬಂತು. "ಪೇಪರ್ ಸುಲಭ ಇತ್ತಂತೆ" ಎಂದರು ಅಪ್ಪ. ಅವಳನ್ನು ಕಾಲೇಜಿಗೆ ಸೇರಿಸಲು ಅಪ್ಪ ನಮ್ಮಿಬ್ಬರನ್ನೂ ಶಿವಮೊಗ್ಗಕ್ಕೆ ಕರೆದೊಯ್ಯುವ ಮುನ್ನ ಅಕ್ಕ ನನ್ನ ಜಡೆ ಹೆಣೆಯುತ್ತಾ ಕಿವಿಯಲ್ಲಿ ಹೇಳಿದಳು, "ಸೈನ್ಸ್ ತಗೋತೀನಿ ಕಣೇ. ಅದ್ರಲ್ಲಿ ಲೆಕ್ಕ ಇರುತ್ತಲ್ಲ." ಮನೆಯಲ್ಲಿ ಬೇರೆ ಯಾರಿಗೂ ಅವಳು ಇದನ್ನು ಹೇಳಿರಲಿಲ್ಲ. ಕಾಲೇಜಿನ ಕಚೇರಿಯ ಕಿಟಕಿಯಲ್ಲಿ ಗುಮಾಸ್ತರು, "ಯಾವ್ದಮ್ಮಾ? ಆರ್ಟ್ಸಾ, ಸೈನ್ಸಾ?" ಎಂದು ಕೇಳಿದರು. ಹಿಂದೆ ಸಾಲಿತ್ತು. ಯಾರೋ "ಬೇಗ ಹೇಳಮ್ಮ" ಎಂದರು. ಅಕ್ಕನ ತುಟಿ ಅಲ್ಲಾಡಿದ್ದು ಪಕ್ಕದಲ್ಲಿದ್ದ ನನಗೆ ಕಂಡಿತು. ಅಪ್ಪ ಗುಮಾಸ್ತರ ಕಡೆ ನೋಡುತ್ತಿದ್ದರು. ಒಂದು ಗಳಿಗೆ ಕಾದು, "ಆರ್ಟ್ಸ್ ಬರ್ಕೊಳ್ಳಿ ಸಾರ್. ಲೆಕ್ಕ ಇವಳಿಗೆ ಆಗ್ಬರಲ್ಲ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಮಗಳ ಭಾರ ಇಳಿಸುತ್ತಿದ್ದೇನೆ ಎಂದೇ ಅವರು ನಂಬಿದ್ದರು. ವಾಪಸ್ ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರಿಗೂ ಬಾದಾಮಿ ಹಾಲು ಕೊಡಿಸಿದರು. ಅಕ್ಕ ತನ್ನದನ್ನು ಅರ್ಧ ಕುಡಿದು ನನಗೆ ಕೊಟ್ಟಳು.

ಅಪ್ಪ ಈಗಿಲ್ಲ. ಅಮ್ಮನೂ ಇಲ್ಲ. ಮೇಷ್ಟ್ರು ನಿವೃತ್ತರಾಗಿ ಊರು ಬಿಟ್ಟರೆಂದು ಕೇಳಿದ್ದೇನೆ. ಅಕ್ಕ ಶಿವಮೊಗ್ಗದ ರವೀಂದ್ರನಗರದಲ್ಲಿದ್ದಾಳೆ. ಅವಳ ಮಗಳು ಎಂಟನೇ ತರಗತಿ. ಗಣಿತದಲ್ಲಿ ಹಿಂದಿದ್ದಾಳೆ, ಮನೆಯಲ್ಲಿ ಗಮನ ಕೊಡಿ ಎಂದು ಶಾಲೆಯವರು ಹೇಳಿ ಕಳಿಸಿದ್ದರು. ನೀನೇ ಹೇಳಿಕೊಡು ಎಂದು ನಾನು ಅಕ್ಕನಿಗೆ ಫೋನಿನಲ್ಲಿ ಹೇಳಿದೆ. "ನಂಗೆಲ್ಲಿ ಲೆಕ್ಕ ಬರುತ್ತೆ ಮಾರಾಯ್ತಿ" ಎಂದು ನಕ್ಕಳು. ಮಗಳನ್ನು ರಾಗಿಗುಡ್ಡದ ಕಡೆ ಒಂದು ಟ್ಯೂಷನ್ನಿಗೆ ಹಾಕಿದ್ದಾಳೆ. ಕಳೆದ ಸೋಮವಾರ ಪಾಠ ಶುರುವಾಗಿದೆ. ಅಕ್ಕ ಸ್ಕೂಟಿಯಲ್ಲಿ ಕರೆದುಕೊಂಡು ಹೋಗಿ, ಪಾಠ ಮುಗಿಯುವವರೆಗೆ ಹೊರಗೆ ಕಟ್ಟೆಯ ಮೇಲೆ ಕೂತಿರುತ್ತಾಳೆ.