ಓಗೊಡದ ಮುದುಕಿ

ಮಾವ್‌ಲಿನ್ ಮನೆಯವಳು ಎಂದರೆ ಬೆಟ್ಟದ ಈಚೆಗೂ ಆಚೆಗೂ ಗೊತ್ತು. ವಿನಿಗರ್ ಭರಣಿ ಒಡೆದಿದ್ದಕ್ಕೆ ಪಕ್ಕದ ಮನೆಯ ಕತ್ತೆಯನ್ನು ಮೂರು ಹೊಲ ಅಟ್ಟಿಸಿಕೊಂಡು ಹೋಗಿ, ಬೈದು, ಕೊನೆಗೆ ಅದನ್ನೇ ಹತ್ತಿಕೊಂಡು ವಾಪಸು ಬಂದ ವೀರಮಹಿಳೆ. ಆದರೆ ಆಕೆಯ ಹೆಸರೇನು ಎಂದು ಯಾರನ್ನಾದರೂ ಕೇಳಿ ನೋಡಿ. ‘ಮಾವ್‌ಲಿನ್ ಮನೆಯವಳು’ ಎನ್ನುತ್ತಾರೆ. ಅದು ಸರಿ, ಹೆಸರು? ‘ಅದೇ ಕಣ್ರೀ, ಮಾವ್‌ಲಿನ್ ಮನೆಯವಳು!’

ಗಂಡ ಗೆಂಗ್ ಮಾವ್‌ಲಿನ್ ಆಕೆಯನ್ನು ಜೀವಮಾನವಿಡೀ ‘ಏಯ್’ ಎಂದೇ ಕರೆದ. ಸಿಟ್ಟಿಗೊಂದು ಏಯ್, ಹಸಿವಿಗೊಂದು ಏಯ್, ಚಳಿರಾತ್ರಿ, ಅಡಿಯಲ್ಲಿ ಬೆಂಕಿ ಹಾಕಿ ಕಾಯಿಸುವ ಕಾಂಗ್ ಮಂಚದ ಬೆಚ್ಚನೆಯ ಮೂಲೆ ಬಿಟ್ಟುಕೊಡುವಾಗ ಮೆತ್ತಗಿನ ಒಂದು ಏಯ್. ಮಕ್ಕಳಿರಲಿಲ್ಲ, ಹಾಗಾಗಿ ‘ಇಂಥವನ ಅಮ್ಮ’ ಎಂಬ ಬಿರುದೂ ದಕ್ಕಲಿಲ್ಲ. ಮಾವ್‌ಲಿನ್ ಸತ್ತ ಮೇಲೆ ‘ಏಯ್’ ಕೂಡ ಹೋಯಿತು. ನವಣೆ ಗಂಜಿಯ ಮುಂದೆ ಕೂತು ಒಂದು ದಿನ ತಾನೇ ‘ಏಯ್’ ಎಂದು ನೋಡಿದಳು. ಕೋಳಿ ತಿರುಗಿ ನೋಡಿತು. ಗುರುತಿನ ಚೀಟಿಯಲ್ಲಿ ಹೆಸರಿತ್ತು, ನಿಜ. ಆದರೆ ಚೀಟಿಗೆ ಬಾಯಿ ಇರಲಿಲ್ಲ.

ಗಂಡ ಸತ್ತ ಮೂರನೆಯ ವರ್ಷಕ್ಕೆ ಸಮಾಧಿಗೆ ಕಲ್ಲು ನಿಲ್ಲಿಸಬೇಕಿತ್ತು. ಅವನ ಹೆಸರಿನ ಪಕ್ಕದಲ್ಲೇ ಬದುಕಿರುವ ಹೆಂಡತಿಯ ಹೆಸರನ್ನೂ ಕೆತ್ತಿ ಕೆಂಪು ಬಳಿಯುವುದು ರೂಢಿ. ಅವಳೂ ಹೋದ ಮೇಲೆ ಕೆಂಪು ಕೆರೆದು ತೆಗೆಯುತ್ತಾರೆ. ಆಕೆಗೆ ಒಳಗೊಳಗೇ ಆಸೆ ಹುಟ್ಟಿತು: ಕಲ್ಲಿನ ಮೇಲಾದರೂ ತನ್ನ ಹೆಸರು ಇರಲಿ.

ಕಲ್ಲುಕುಟಿಗ ಶಿಂಗ್ ಮೇಸ್ತ್ರಿಗೆ ತನ್ನದೇ ಒಂದು ವ್ರತವಿತ್ತು. ಮೊದಲು ಕುಂಚದಿಂದ ಕಲ್ಲಿನ ಮೇಲೆ ಅಕ್ಷರ ಬರೆಯುತ್ತಿದ್ದ. ಆಮೇಲೆ ಬದುಕಿರುವವರ ಹೆಸರನ್ನು ಗಟ್ಟಿಯಾಗಿ ಕೂಗುತ್ತಿದ್ದ. ಅವರು ಓಗೊಟ್ಟ ಮೇಲೆಯೇ ಉಳಿ ಮುಟ್ಟುವುದು. ಜೀವಂತ ಇರುವವರನ್ನು ಕೇಳದೆ ಕಲ್ಲಿಗೆ ಸೇರಿಸಬಾರದು ಎಂಬುದು ಅವನ ಸಿದ್ಧಾಂತ.

ಏಪ್ರಿಕಾಟ್ ಹೂ ಉದುರುವ ದಿನಗಳು. ಅಂಗಳದಲ್ಲಿ ಕಲ್ಲು, ಮೇಸ್ತ್ರಿ, ಮಾವ್‌ಲಿನ್‌ನ ತಮ್ಮನ ಮಗ ಬಾವ್‌ತ್ಯಾನ್, ಮತ್ತು ಗೋಡೆಗೆ ಒರಗಿ ನಿಂತ ನಮ್ಮ ವೀರಮಹಿಳೆ. ಮೇಸ್ತ್ರಿ ಕಲ್ಲಿನ ಮೇಲೆ ಮಸಿಯಲ್ಲಿ ಬರೆದು ಮುಗಿಸಿ ಗಂಟಲು ಸರಿಮಾಡಿಕೊಂಡ.

“ಗೆಂಗ್ ಮನೆ ಸೇರಿದ ವೇಯ್ ವಂಶದ ಹೆಣ್ಣೇ!”

ಮತ್ತೆ ಕೂಗಿದ. ಕೋಳಿ ಕೆರೆಯುವ ಸದ್ದು ಮಾತ್ರ.

“ದೊಡ್ಡಮ್ಮಾ, ನಿಮ್ಮನ್ನೇ ಕರೀತಿರೋದು. ಓ ಅನ್ನಿ,” ಎಂದ ಬಾವ್‌ತ್ಯಾನ್.

“ನನ್ನನ್ನಾ? ನನ್ನ ತವರೂರಲ್ಲಿ ವೇಯ್ ವಂಶದ ಹೆಣ್ಣುಗಳು ಬೀದಿ ತುಂಬ ಇದಾವೆ. ಅವನು ಯಾರನ್ನ ಕರೀತಿದಾನೋ, ಅವಳೇ ಬಂದು ನಿಮ್ಮ ದೊಡ್ಡಪ್ಪನ ಪಕ್ಕ ಮಲಗ್ಲಿ.”

“ಅಯ್ಯೋ, ಹೆಂಗಸರಿಗೆ ಹೀಗೇ ಬರೆಯೋದು ದೊಡ್ಡಮ್ಮಾ. ಅಜ್ಜಿ ಕಲ್ಲಲ್ಲೂ ಹೀಗೇ ಇದೆ.”

“ಹೌದಾ? ನಿಮ್ಮಜ್ಜಿ ಹೆಸರೇನಪ್ಪ?”

ಬಾವ್‌ತ್ಯಾನ್ ಬಾಯಿ ತೆರೆದ. ತೆರೆದದ್ದು ಹಾಗೇ ಉಳಿಯಿತು. ಆ ಅಜ್ಜಿಯ ತೊಡೆಯ ಮೇಲೆಯೇ ಬೆಳೆದವನು.

ಮೇಸ್ತ್ರಿ ಸಂಕಟಕ್ಕೆ ಸಿಕ್ಕಿಕೊಂಡ. ಓಗೊಡದಿದ್ದರೆ ಕೆತ್ತುವಂತಿಲ್ಲ, ಕೆತ್ತದಿದ್ದರೆ ಮಾವ್‌ಲಿನ್ ಪಕ್ಕದ ಜಾಗ ಬೋಳು. ಹೀಗೆ ಒಂದೇ ಒಂದು ಬಾಣ ಬಿಡದೆ, ಬರೀ ತುಟಿ ಬಿಗಿದುಕೊಂಡು, ಮುದುಕಿ ಇಡೀ ಗೆಂಗ್ ವಂಶಕ್ಕೆ ಮುತ್ತಿಗೆ ಹಾಕಿದಳು. ಬಿಸಿಲು ಗೋಡೆಯಿಂದ ಇಳಿದು ಅಂಗಳಕ್ಕೆ ಬಂತು. ಬಾವ್‌ತ್ಯಾನ್ ಎರಡು ಲೋಟ ಚಹಾ ಕುಡಿದು ಶರಣಾದ.

“ಆಯ್ತು, ಬರೀರಿ. ಹೆಸರು ಹೇಳಿ ದೊಡ್ಡಮ್ಮಾ.”

“ಹುವಾನ್‌ದಿ.”

ಬಾವ್‌ತ್ಯಾನ್ ಕಿಸಕ್ಕೆಂದ. “ಇವಳನ್ನ ವಾಪಸ್ ತಗೊಂಡು ಒಬ್ಬ ತಮ್ಮನ್ನ ಕೊಡು ಅಂತ ದೇವರಿಗೆ ಕೇಳೋ ಹೆಸರು! ಇದಕ್ಕಾ ಇಷ್ಟೊಂದು ಜಗಳ?”

“ತಮ್ಮ ಬಂದ. ಗುಂಡಗೇ ಇದಾನೆ. ಅಲ್ಲಿಗೆ ಅಪ್ಪನ ಕೆಲಸ ಮುಗೀತು. ಈಗ ಹೆಸರು ಖಾಲಿ ಕೂತಿದೆ, ನಾನಿಟ್ಕೊಂಡಿದೀನಿ. ನಿನಗೇನೋ ನಷ್ಟ?”

ಮೇಸ್ತ್ರಿ ಒದ್ದೆ ಬಟ್ಟೆಯಿಂದ ಹಳೆಯ ಮಸಿ ಒರೆಸಿ ಹೊಸದಾಗಿ ಬರೆದ. ಎದ್ದು ನಿಂತು, ಕೆಮ್ಮಿ, ಕೂಗಿದ.

“ವೇಯ್ ಹುವಾನ್‌ದಿ!”

ಮುದುಕಿ ಬಾಗಿಲ ಕಡೆ ತಿರುಗಿ ನೋಡಿದಳು, ಯಾರೋ ಬಂದರೇನೋ ಎಂಬಂತೆ. ಯಾರೂ ಇರಲಿಲ್ಲ. ತಿರುಗಿದವಳು ಇಬ್ಬರು ಗಂಡಸರೂ ತನ್ನನ್ನೇ ನೋಡುತ್ತಿರುವುದನ್ನು ಕಂಡಳು. ಕೊನೆಯ ಬಾರಿ ಈ ಹೆಸರನ್ನು ಕೂಗಿದ್ದು ಅವಳ ಅಮ್ಮ, ಹೊಲದ ಆ ತುದಿಯಿಂದ, ಕತ್ತಲಾಗುವ ಮುಂಚೆ ಮನೆಗೆ ಬಾ ಎಂದು. ಇನ್ನು ಇದೂ ಕಲ್ಲು ಸೇರಿತೆಂದರೆ, ಮತ್ತೆ ಕೂಗುವವರು ಯಾರು?

ಬಾವ್‌ತ್ಯಾನ್ ಅವಸರಪಡಿಸಿದ. “ಓ ಅನ್ನಿ ದೊಡ್ಡಮ್ಮಾ, ಕೇಳಿಸ್ತಲ್ಲ!”

“ಕೇಳಿಸ್ಲಿಲ್ಲಪ್ಪ,” ಎಂದು ಮುದುಕಿ ಕಿವಿಯ ಮೇಲಿನ ಕೂದಲು ಹಿಂದೆ ಸರಿಸಿಕೊಂಡಳು. “ಇನ್ನೊಂದು ಸಲ ಕರೀರಿ ಮೇಸ್ತ್ರಿ. ಸ್ವಲ್ಪ ದೂರದಿಂದ.”

ಮೇಸ್ತ್ರಿ ಅವಳ ಮುಖ ನೋಡಿದ. ಕುಂಚ ಕೆಳಗಿಟ್ಟು ಅಂಗಳ ದಾಟಿ, ಬೇಲಿ ದಾಟಿ, ಹೊಲದ ಆ ತುದಿಗೆ ನಡೆದುಹೋದ.